ಕೂಗಳತೆಗೆ ಎಷ್ಟು ಮೀಟರ್?

ನಮ್ಮ ಕಚೇರಿಯಲ್ಲಿ ನನಗೆ ‘ಕೋಷ್ಟಕ’ ಎಂದು ಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದಾರೆ. ನನಗೆ ಗೊತ್ತು. ಒಳಗೊಳಗೇ ಖುಷಿಯೂ ಇದೆ. ಹಳೆಯ ಜಮೀನು ದಾಖಲೆಗಳಲ್ಲಿರುವ ಗೇಣು, ಮೊಳ, ಮಾರು, ಹರದಾರಿಗಳನ್ನೆಲ್ಲ ಮೀಟರಿಗೆ ಇಳಿಸಿ ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಹನ್ನೆರಡು ಅಂಗುಲಕ್ಕೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಒಂದು ಮೊಳವೆಂದರೆ ನಲವತ್ತೈದು ಪಾಯಿಂಟ್ ಏಳು ಎರಡು ಸೆಂಟಿಮೀಟರು. ದರ್ಜಿಯ ಅಂಗಡಿಯಲ್ಲಿ, ಹೂವಿನವಳ ಮುಂದೆ, ಬೀಗರ ಮನೆಯ ಮದುವೆಯಲ್ಲಿ, ಎಲ್ಲಿ ಬೇಕಾದರೂ ಇದನ್ನು ನಾನು ತಡವರಿಸದೆ ಹೇಳಬಲ್ಲೆ. ಹೇಳಿಯೂ ಇದ್ದೇನೆ. ಆದ್ದರಿಂದಲೇ ಬೀಗರು ನಮ್ಮನ್ನು ಈಚೆಗೆ ಕರೆಯುವುದಿಲ್ಲ ಎಂಬುದು ನನ್ನ ಹೆಂಡತಿಯ ವಾದ.

ನನ್ನನ್ನು ಕೆಡಿಸಿದ್ದು ನನ್ನ ಬಾಯಿ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ, ಇಡೀ ಕಚೇರಿಗೆ ಕೇಳುವ ಹಾಗೆ, “ಮನುಷ್ಯ ಅನ್ನಿಸಿಕೊಂಡೋನು ಏನನ್ನೇ ಅಳೆದಿರಲಿ, ತನ್ನಿ ಇಲ್ಲಿ, ನಾನು ಮೀಟರಿಗೆ ತರ್ತೀನಿ” ಎಂದುಬಿಟ್ಟೆ. ಹಿಂದೆ ಸಾಹೇಬರು ನಿಂತಿದ್ದರು. ನಮ್ಮ ಸಾಹೇಬರು ಯಾವಾಗಲೂ ಹಿಂದೆಯೇ ನಿಂತಿರುತ್ತಾರೆ. ಅವರು ಹೋಗಿ, ಅಟ್ಟದಿಂದ ಒಂದು ಕಡತ ಇಳಿಸಿ ನನ್ನ ಮೇಜಿನ ಮೇಲೆ ಇಡಿಸಿದರು. ಮೇಜಿನ ಒಂದು ಕಾಲು ಆಗಲೇ ಸ್ವಲ್ಪ ಸೊಟ್ಟಗಾಯಿತು.

“ಹದಿನೆಂಟು ವರ್ಷದ್ದು,” ಅಂದರು ಸಾಹೇಬರು. “ಏಳು ಜನ ಗುಮಾಸ್ತರು ನೋಡಿ ಕೈ ಬಿಟ್ಟಿದಾರೆ. ತಿಂಗಳ ಕೊನೆಯೊಳಗೆ ಮೀಟರಲ್ಲಿ ಬರೆದುಕೊಡಿ. ಕೊಡದಿದ್ರೆ ಗೊತ್ತಲ್ಲ, ಅಂಕಿ ಇಲ್ಲದ ಜಾಗ ಯಾರದೂ ಅಲ್ಲ ಅಂತ ಕಂಪ್ಯೂಟರ್ ಬರ್ಕೊಳ್ಳುತ್ತೆ. ಆಮೇಲೆ ಅಕ್ಕನಿಗೂ ಇಲ್ಲ, ತಮ್ಮನಿಗೂ ಇಲ್ಲ.”

ಕಡತ ಬಿಚ್ಚಿದೆ. ಒಂದು ಮನೆ, ಮನೆಯ ಹಿಂದೆ ಇಳಿಜಾರಿನಲ್ಲಿ ರಸ್ತೆಯವರೆಗೂ ಚಾಚಿದ ಉದ್ದನೆಯ ಜಾಗ. ತಂದೆ ತೀರಿಕೊಳ್ಳುವ ಮೊದಲು ಕೈಯಾರೆ ಬರೆದ ಪತ್ರ. ಅಗಲ ಹನ್ನೆರಡು ಮಾರು ಎಂದು ಅಚ್ಚುಕಟ್ಟಾಗಿ ಬರೆದಿದ್ದಾರೆ. ಇಪ್ಪತ್ತೊಂದು ಮೀಟರ್ ತೊಂಬತ್ತೈದು ಸೆಂಟಿಮೀಟರ್, ನಾನು ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಉದ್ದದ ಹತ್ತಿರ ಬಂದಾಗ ಆ ಪುಣ್ಯಾತ್ಮರು ಹೀಗೆ ಬರೆದಿದ್ದರು: ‘ಮನೆಯೂ, ಹಿತ್ತಿಲ ಬಾಗಿಲಿನಿಂದ ನನ್ನ ಮಗಳ ಕೂಗಳತೆಯವರೆಗಿನ ಜಾಗವೂ ಮಗಳಿಗೆ. ಅದರಾಚೆ ರಸ್ತೆಯವರೆಗೂ ಮಗನಿಗೆ.’

ಮಗಳು ಈಗ ನಿವೃತ್ತ ಶಿಕ್ಷಕಿ, ಬೀದಿಗೆಲ್ಲ ಟೀಚರಮ್ಮ. ಮೇಲಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗ ಬೀಗ ರಿಪೇರಿ ಮಾಡುತ್ತಾರೆ. ಇಳಿಜಾರಿನ ಕೆಳತುದಿಯಲ್ಲಿ, ರಸ್ತೆ ಬದಿಗೆ ಅವರ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಅವರೂ ಒಬ್ಬರೇ. ನಡುವೆ ಒಂದು ಬಾವಿ, ಬಾವಿಯಿಂದಾಚೆ ಒಂದು ಮರ. ಹದಿನೆಂಟು ವರ್ಷದ ಹಿಂದೆ ಅಕ್ಕ “ನನ್ನ ಕೂಗು ಮರದವರೆಗೂ ಕೇಳುತ್ತೆ” ಎಂದರು. ತಮ್ಮ “ಎಲ್ಲಿ, ಬಾವಿಗೇ ನಿಂತುಹೋಗುತ್ತೆ” ಎಂದರು. “ಹಾಗಾದ್ರೆ ಇನ್ಮೇಲೆ ಕೂಗೋದೇ ಇಲ್ಲ ಬಿಡು” ಎಂದು ಅಕ್ಕ ಹಿತ್ತಿಲ ಬಾಗಿಲು ಹಾಕಿಕೊಂಡರು. ಅವತ್ತಿನಿಂದ ಇಬ್ಬರೂ ನಮ್ಮ ಇಲಾಖೆಗೆ ಅರ್ಜಿ ಬರೆಯುತ್ತಿದ್ದಾರೆ.

ಆ ಅರ್ಜಿಗಳನ್ನು ಓದಿ ನನಗೆ ತಲೆ ಕೆಟ್ಟುಹೋಯಿತು. ಗಡಿಯ ವಿಷಯ ಒಂದೇ ಸಾಲು, ಉಳಿದದ್ದೆಲ್ಲ ಅಸಂಬದ್ಧ. ಟೀಚರಮ್ಮನ ಒಂದು ಅರ್ಜಿ: ‘ಎದುರುದಾರರು ನಿನ್ನೆ ಬಾವಿಯ ಬಳಿ ಬಂದು ಹತ್ತು ನಿಮಿಷ ನಿಂತು ಹೋಗಿರುತ್ತಾರೆ. ನಿಂತಷ್ಟು ಹೊತ್ತೂ ಕೆಮ್ಮುತ್ತಿದ್ದರು. ಇದನ್ನು ದಾಖಲಿಸಿಕೊಂಡು ಕ್ರಮ ಕೈಗೊಳ್ಳಬೇಕು.’ ತಮ್ಮನ ಉತ್ತರ: ‘ಎದುರುದಾರರ ಹಿತ್ತಿಲ ದೀಪ ಎರಡು ದಿನದಿಂದ ಉರಿದಿಲ್ಲ. ಗಡಿಯ ದೃಷ್ಟಿಯಿಂದ ಇಲಾಖೆಯವರು ಕೂಡಲೇ ಹೋಗಿ ಅವರು ಹೇಗಿದ್ದಾರೆಂದು ವಿಚಾರಿಸಿ ನನಗೆ ಲಿಖಿತವಾಗಿ ತಿಳಿಸಬೇಕು.’ ಇಲಾಖೆ ವಿಚಾರಿಸಿದೆ. ‘ಎದುರುದಾರರು ಊರಿನಲ್ಲಿ ಇರಲಿಲ್ಲ, ಈಗ ಬಂದಿದ್ದಾರೆ’ ಎಂದು ಮೂರು ತಿಂಗಳ ಮೇಲೆ ಉತ್ತರ ಕೊಟ್ಟಿದೆ. ಅಳತೆಯ ಪ್ರಶ್ನೆಗೆ ಕೆಮ್ಮೂ ದೀಪವೂ ಯಾಕೆ ಬೇಕು ಎಂದು ನಾನು ಪ್ರತಿಯೊಂದರ ಅಂಚಿನಲ್ಲೂ ‘ಅಪ್ರಸ್ತುತ’ ಎಂದು ಬರೆದೆ. ಒಟ್ಟು ಇನ್ನೂರ ಹನ್ನೊಂದು ಸಲ ಬರೆದೆ.

ಆಮೇಲೆ ಶಾಸ್ತ್ರೀಯವಾಗಿ ಯೋಚಿಸಿದೆ. ಮೊಳ ಯಾರ ಕೈಯದು ಎಂದು ನಾವು ಕೇಳುತ್ತೇವೆಯೇ? ಇಲ್ಲ. ಉದ್ದ ಕೈಯವನಿಗೂ ಗಿಡ್ಡ ಕೈಯವನಿಗೂ ನಲವತ್ತೈದು ಪಾಯಿಂಟ್ ಏಳು ಎರಡೇ. ಹಾಗೆಯೇ ಕೂಗಿಗೂ ಒಂದು ಪ್ರಮಾಣ ಇರಲೇಬೇಕು. ಯಾರೂ ಕಂಡುಹಿಡಿದಿಲ್ಲ, ಅಷ್ಟೇ. ನಾನು ಕಂಡುಹಿಡಿಯುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಮಹಡಿಯ ಬಾಲ್ಕನಿಯಲ್ಲಿ ನಿಲ್ಲಿಸಿದೆ.

“ಏನಂತ ಕೂಗ್ಲಿ?” ಅಂದಳು.

“ಯಾವಾಗ್ಲೂ ಕೂಗೋ ಹಾಗೇ ಕೂಗು. ‘ರೀ’ ಅನ್ನು. ಕೇಳಿಸಿದ್ರೆ ನಾನು ಕೈ ಎತ್ತಿ ಮುಂದೆ ಹೋಗ್ತಾ ಇರ್ತೀನಿ. ಕೇಳಿಸದಿದ್ದ ಕಡೆ ನಿಲ್ತೀನಿ.”

“ನಾನು ಕೂಗಿದ್ದು ನಿಮಗೆ ಅಡುಗೆಮನೆಯಿಂದ ಪಡಸಾಲೆಗೇ ಕೇಳ್ಸಲ್ಲ. ಬೀದೀಲಿ ಕೇಳ್ಸುತ್ತಾ?”

ಈ ಮಾತನ್ನು ನಾನು ದಾಖಲಿಸಿಕೊಳ್ಳಲಿಲ್ಲ. ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಹೆಜ್ಜೆ ಎಣಿಸುತ್ತ ಹೊರಟೆ. ‘ರೀ’ ಎಂದಳು, ಕೈ ಎತ್ತಿದೆ, ನಡೆದೆ. ‘ರೀ’ ಎಂದಳು, ಕೈ ಎತ್ತಿದೆ, ನಡೆದೆ. ಎಪ್ಪತ್ತನೆಯ ಹೆಜ್ಜೆಗೆ ಎದುರು ಮನೆಯ ವಕೀಲರು ಪೇಪರು ಮಡಚಿಟ್ಟು ಗೇಟಿಗೆ ಬಂದರು. ನೂರನೆಯ ಹೆಜ್ಜೆಗೆ ಬೀದಿಯ ಕಿಟಕಿಗಳೆಲ್ಲ ತೆರೆದವು. ನೂರ ಎಪ್ಪತ್ಮೂರನೆಯ ಹೆಜ್ಜೆಗೆ ವಕೀಲರು ಓಡಿಬಂದು ನನ್ನ ರಟ್ಟೆ ಹಿಡಿದರು.

“ಸಾರ್, ಸಣ್ಣಪುಟ್ಟದ್ದು ಎಲ್ಲರ ಮನೇಲೂ ಇರುತ್ತೆ. ಅವರು ಅಷ್ಟು ಕೂಗ್ತಿದಾರೆ, ನೀವು ಕೈ ಬೀಸಿ ಹೋಗ್ತಾನೇ ಇದೀರಲ್ಲ.”

“ಎಷ್ಟು ದೂರ ಕೇಳ್ಸುತ್ತೆ ಅಂತ ನೋಡ್ತಿದೀನಿ, ಬಿಡಿ.”

“ಅದೇ ತಪ್ಪು ಅಂತ ಹೇಳ್ತಿರೋದು. ಎಷ್ಟು ದೂರ ಕೇಳ್ಸುತ್ತೆ ಅಂತ ನೋಡೋಕೆ ಹೋಗಬಾರದು ಸಾರ್. ಮೊದಲನೇ ಕೂಗಿಗೇ ತಿರುಗಿಬಿಡಬೇಕು. ನನ್ನ ಕಕ್ಷಿದಾರರಿಗೆಲ್ಲ ಇದನ್ನೇ ಹೇಳೋದು, ಯಾರೂ ಕೇಳಲ್ಲ.”

ನನ್ನನ್ನು ನಾಲ್ಕು ಜನ ಸೇರಿ ಮನೆಗೆ ತಲುಪಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಂಡತಿಯ ಅಣ್ಣ ಎರಡು ದಿನದ ಬಟ್ಟೆ ಹಾಕಿದ ಚೀಲದೊಂದಿಗೆ ಬಂದಿಳಿದರು. ಅವರಿಗೆ ಹೋದ ಸುದ್ದಿ ಏನೆಂದರೆ, ನಾನು ಸಂಸಾರ ಬಿಟ್ಟು ಹೊರಟಿದ್ದೇನೆ, ತಂಗಿ ಕೂಗಿ ಕೂಗಿ ಬಾಲ್ಕನಿಯಲ್ಲೇ ಕುಸಿದುಬಿದ್ದಿದ್ದಾಳೆ. ತಂಗಿ ಅವರಿಗೆ ಊಟ ಬಡಿಸುತ್ತ ಬಿದ್ದು ಬಿದ್ದು ನಕ್ಕಳು. ನಾನು ಸಾಕ್ಷಿಗೆಂದು ಕಡತ ತಂದು ಇಬ್ಬರ ಮುಂದೆ ಇಟ್ಟೆ. ಅಣ್ಣ ತಂಗಿ ಇಬ್ಬರೂ ಒಂದೊಂದು ಅರ್ಜಿ ತೆಗೆದು ಓದತೊಡಗಿದರು. ಮೊದಮೊದಲು ನಗುತ್ತಿದ್ದರು, ಆಮೇಲೆ ನಗು ನಿಂತಿತು. ಸಂಜೆಯವರೆಗೂ ಓದಿದರು.

“ಅವರ ಕೆಮ್ಮು ಈಗ ಹೇಗಿದೆಯಂತೆ?” ಎಂದು ಕೇಳಿದಳು ನನ್ನ ಹೆಂಡತಿ.

“ಅದು ಅಪ್ರಸ್ತುತ,” ಅಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಯಾವ ಕೋಷ್ಟಕಕ್ಕೂ ಇಳಿಸಲಾಗದು. ಅವಳ ಅಣ್ಣ ಚೀಲ ಎತ್ತಿಕೊಂಡು, ಬಂದ ಕೆಲಸ ಆಯಿತೋ ಇಲ್ಲವೋ ತಿಳಿಯದೆ, ಹೊರಟುಹೋದರು.

ಸೋಮವಾರ ‘ಒಂದು ಕೂಗಳತೆಗೆ ನೂರ ಎಪ್ಪತ್ಮೂರು ಹೆಜ್ಜೆ’ ಎಂದು ವರದಿ ಇಟ್ಟೆ. ಸಾಹೇಬರು ಓದಿ ಕನ್ನಡಕ ತೆಗೆದರು. “ಪತ್ರದಲ್ಲಿ ಏನಿದೆ? ನನ್ನ ಮಗಳ ಕೂಗಳತೆ ಅಂತ. ನಿಮ್ಮ ಮನೆಯವರು ಯಾಕ್ರೀ ಕೂಗಿದ್ರು? ಹೋಗಿ, ಮಗಳ ಕೈಲೇ ಕೂಗಿಸಿ, ಮಗನ ಕೈಲೇ ಕೇಳಿಸಿ, ಇಬ್ಬರ ಸಹಿ ತಗೊಂಡು ಬನ್ನಿ.”

ಮೊದಲು ಬೀಗದವರ ಅಂಗಡಿಗೆ ಹೋದೆ. ತೆಳ್ಳನೆಯ ಮನುಷ್ಯ, ಐವತ್ತೈದು ದಾಟಿರಬೇಕು. ಬೀಗವೊಂದರ ಹೊಟ್ಟೆ ಬಗೆದು ಕುಳಿತಿದ್ದರು. ವಿಷಯ ಹೇಳಿದೆ. ಕೈಯಲ್ಲಿದ್ದ ಅರ ಕೆಳಗಿಟ್ಟರು.

“ಅಕ್ಕ ಕೂಗೋಕೆ ಒಪ್ಪಿದಾಳಾ?”

“ಇನ್ನೂ ಕೇಳಿಲ್ಲ.”

“ಒಪ್ತಾಳಾ?”

“ಒಪ್ಪಲೇಬೇಕು, ಸರ್ಕಾರಿ ಆದೇಶ.”

“ಅವಳು ಆದೇಶಕ್ಕೆಲ್ಲ ಒಪ್ಪೋಳಲ್ಲ,” ಎಂದರು. ನಾನು ಬೀದಿ ದಾಟುವಾಗ ಹಿಂದಿನಿಂದ, “ಸಾರ್, ಒಪ್ಪಿದ್ರೆ ಹೇಳಿ ಕಳಿಸ್ತೀರಲ್ಲ?” ಎಂದು ಮತ್ತೆ ಕೇಳಿದರು.

ಟೀಚರಮ್ಮ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸದಿದ್ದದ್ದು ನನ್ನ ಅದೃಷ್ಟ. “ಕೂಗ್ತೀನಿ,” ಎಂದರು. “ಆದ್ರೆ ಅವನನ್ನ ಹೆಸರು ಹಿಡಿದು ಕೂಗಲ್ಲ. ಅವನನ್ನ ಕರೆಯೋದೂ ಇಲ್ಲ. ಇಲಾಖೆ ಪರವಾಗಿ ಕೂಗ್ತೀನಿ. ಹಾಗಂತ ಬರ್ಕೊಳ್ಳಿ.” ನಾನು ಹಾಗೆಂದೇ ಬರೆದುಕೊಂಡೆ. “ಅವನು ಎರಡನೇ ಹೆಜ್ಜೆಗೇ ಕೇಳಿಸಲ್ಲ ಅಂತಾನೆ, ನೋಡ್ತಿರಿ,” ಎಂದೂ ಸೇರಿಸಿದರು. ಆಗ ಅವರ ದನಿಯನ್ನು ಗಮನಿಸಿದೆ. ಮೂವತ್ತೈದು ವರ್ಷ ತರಗತಿಯಲ್ಲಿ ಕೂಗಿ ಕೂಗಿ ಗಂಟಲು ಸವೆದುಹೋಗಿತ್ತು. ಮರ ಹಾಗಿರಲಿ, ಬಾವಿಯವರೆಗೆ ಹೋದರೆ ಹೆಚ್ಚು ಎನ್ನಿಸಿತು.

ಗೊತ್ತುಮಾಡಿದ ದಿನ ಹನ್ನೆರಡು ಗಂಟೆಗೆ ನಾನು ಮೇಲಿನ ಮನೆಯಲ್ಲಿ ಹಾಜರಾದೆ. ಒಬ್ಬರೇ ಇರುವ ಮನೆಯಲ್ಲಿ ಒಲೆಯ ಹತ್ತಿರ ಮುಚ್ಚಿಟ್ಟ ಪಾತ್ರೆಗಳು ನಾಲ್ಕಿದ್ದವು. ನನಗಾಗಿಯೇ ಎಂದು ತಿಳಿದು, “ಇದೆಲ್ಲ ಯಾಕಮ್ಮಾ, ನಾನು ಡಬ್ಬಿ ತಂದಿದೀನಿ” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೆಳಗೆ ನಮ್ಮ ಸರ್ವೆಯವರು ಉದ್ದನೆಯ ಟೇಪು ಹಿಡಿದು ನಿಂತಿದ್ದರು, ಅವರ ಪಕ್ಕದಲ್ಲಿ ಬೀಗದವರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಿಳಿ ಕರವಸ್ತ್ರ. ಕೂಗು ಕೇಳಿಸಿದರೆ ಕರವಸ್ತ್ರ ಎತ್ತಬೇಕು, ಕೇಳಿಸದ ಕಡೆ ಗೂಟ ಹೊಡೆಯಬೇಕು, ಇದು ನಿಯಮ. ಎಷ್ಟು ಬೇಗ ಕೇಳಿಸಲಿಲ್ಲ ಎಂದರೆ ಅಷ್ಟು ಅವರಿಗೇ ಲಾಭ. ಬೇಲಿಯ ಮೇಲೆ ಹತ್ತಾರು ಜನ ಕೈ ಊರಿ ನಿಂತಿದ್ದರು. ಪಕ್ಕದ ಮನೆಯ ದರ್ಜಿ ಕೆಲಸ ಬಿಟ್ಟು, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದ.

“ನೋಡ್ತಿರಿ ಸಾರ್, ಈಗ ಹೇಗೆ ಕಿವುಡಾಗ್ತಾರೆ,” ಎಂದ ದರ್ಜಿ.

ಬಾವಿಯ ಹತ್ತಿರ ನಿಂತು ಸರ್ವೆಯವರು ಫೋನ್ ಮಾಡಿದರು. ಇಬ್ಬರ ಫೋನೂ ಕೊನೆಯವರೆಗೆ ಚಾಲೂ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಟೀಚರಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡು, “ಸೈಲೆನ್ಸ್” ಎಂದು ಕೂಗಿದರು. ಬೇಲಿಯವರೆಲ್ಲ ಬಾಯಿ ಮುಚ್ಚಿದರು. ಬಾವಿಯ ಬಳಿ ಕರವಸ್ತ್ರ ಮೇಲಕ್ಕೆ ಹೋಯಿತು.

“ಬಾವಿ ಅವರೇ ಒಪ್ಪಿದ್ದು ತಾನೇ,” ಎಂದ ದರ್ಜಿ. “ಇನ್ನು ಒಂದು ಗೇಣು ಮುಂದಕ್ಕೆ ಹೋಗ್ಲಿ ನೋಡೋಣ.”

ಮರದ ಬುಡಕ್ಕೆ ಹೋದರು. “ಸೈಲೆನ್ಸ್.” ಕರವಸ್ತ್ರ ಮೇಲೆ. ಬೇಲಿಯಲ್ಲಿ ಗುಸುಗುಸು ಎದ್ದಿತು. ಟೀಚರಮ್ಮ ನನ್ನ ಕಡೆ ನೋಡಿದರು. ಹದಿನೆಂಟು ವರ್ಷದ ವ್ಯಾಜ್ಯ ಅಲ್ಲಿಗೆ ಮುಗಿಯಬೇಕಿತ್ತು, ಅವರು ಗೆದ್ದಿದ್ದರು. ನಾನು ಫೋನಿನಲ್ಲಿ “ಸಾಕು, ಗೂಟ ಹೊಡೀರಿ” ಎಂದೆ. “ಎಲ್ಲಿ ಹೊಡೀಲಿ ಸಾರ್, ಇವರು ಮುಂದೆ ಹೊರಟರು,” ಎಂದರು ಸರ್ವೆಯವರು.

ನಿಯಮದ ಪ್ರಕಾರ ಕೇಳಿಸದ ಕಡೆಯೇ ಗೂಟ. ನಿಯಮ ಮಾಡಿದವನು ನಾನೇ. ಬೀಗದವರು ತಮ್ಮ ಅಂಗಡಿಯ ಹಿಂಬಾಗಿಲಿಗೆ ಹೋಗಿ ನಿಂತರು. ಟೀಚರಮ್ಮ ಕೂಗಿದರು. ದನಿ ಆಗಲೇ ಒಡೆದಿತ್ತು, ಮಗ್ಗುಲಲ್ಲಿದ್ದ ನನಗೇ ಅರ್ಧ ಕೇಳಿಸಿತು. ಕರವಸ್ತ್ರ ಮೇಲೆ. ರಸ್ತೆ ದಾಟಿದರು. ಕರವಸ್ತ್ರ ಮೇಲೆ. ಬಸ್ ಸ್ಟಾಪಿನ ಹಿಂದಿನ ದಿಬ್ಬ ಹತ್ತಿದರು. ಈಗ ಅವರು ಬೆರಳುದ್ದ ಕಾಣುತ್ತಿದ್ದರು, ಕರವಸ್ತ್ರ ಮಾತ್ರ ಮೇಲೆ.

“ಸಾರ್,” ಎಂದರು ಫೋನಿನಲ್ಲಿ ಸರ್ವೆಯವರು, ಏದುಸಿರು ಬಿಡುತ್ತ, “ನನಗೆ ಮರ ದಾಟಿದ ಮೇಲೆ ಬರಿಗಿವಿಗೆ ಏನೇನೂ ಕೇಳಿಸಿಲ್ಲ. ಇವರು ಎತ್ತುತ್ತಾನೇ ಇದಾರೆ. ಮುನ್ನೂರ ನಲವತ್ತು ಮೀಟರ್ ಆಯ್ತು, ನನ್ನ ಟೇಪು ಮುಗೀತು, ಕಾಲೂ ಮುಗೀತು.”

“ಸಾರ್, ಹೀಗಾದ್ರೆ ಅವರ ಅಂಗಡಿನೂ ಅಕ್ಕನ ಪಾಲಿಗೇ ಬಂತಲ್ಲ,” ಎಂದ ದರ್ಜಿ. “ರಸ್ತೆನೂ ಬಂತು. ಬಸ್ ಸ್ಟಾಪೂ ಬಂತು.”

ನನಗೆ ಸಿಟ್ಟು ಬಂತು. ಇದೇನು ಆಟವೇ? ವೈಜ್ಞಾನಿಕ ಪರೀಕ್ಷೆ ಮಾಡಿಯೇ ಬಿಡುವುದೆಂದು, “ಈ ಸಲ ಕೂಗಬೇಡಿ, ಸುಮ್ನೆ ನಿಂತಿರಿ” ಎಂದೆ ಟೀಚರಮ್ಮನಿಗೆ. ಅವರು ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತರು. ಬೇಲಿಯವರು ದಿಬ್ಬದ ಕಡೆ ಕತ್ತು ಚಾಚಿದರು. ದೂರದ ದಿಬ್ಬದ ಮೇಲೆ ಕರವಸ್ತ್ರ ಮೇಲಕ್ಕೆ ಹೋಯಿತು. ಇನ್ನಷ್ಟು ಹೊತ್ತು ಕಾದೆವು. ಮತ್ತೆ ಮೇಲಕ್ಕೆ ಹೋಯಿತು.

“ಸಿಕ್ಕಿಬಿದ್ರು,” ಎಂದೆ. “ಮೋಸ. ಅಪ್ಪಟ ಮೋಸ.” ಆದರೆ ತನ್ನ ಪಾಲನ್ನು ತಾನೇ ಕಳೆದುಕೊಳ್ಳುವ ಮೋಸಕ್ಕೆ ಯಾವ ಕಲಂ ಹಾಕಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಂತೆ.

ಟೀಚರಮ್ಮ ಹುಬ್ಬಿಗೆ ಕೈ ಹಿಡಿದು ನೋಡುತ್ತಿದ್ದರು. “ಅಷ್ಟು ದೂರ ಯಾಕೆ ಹೋಗ್ತಿದಾನೆ ಅವನು?” ಎಂದರು ನನಗೆ. “ಬಿಸಿಲು. ಕೆಮ್ಮು ಬೇರೆ ಇದೆ. ಸಾಕು ಅನ್ನಿ.”

“ಹೇಳಿದೆನಮ್ಮ, ಸರ್ವೆಯವರ ಮಾತು ಕೇಳ್ತಿಲ್ಲವಂತೆ. ದಿಬ್ಬದ ಆಚೆ ಇಳೀತಾರಂತೆ.”

ದಿಬ್ಬದ ಆಚೆ ಇಳಿದರೆ ಕಾಣುವುದಿಲ್ಲ. ಟೀಚರಮ್ಮ ಒಂದು ಹೆಜ್ಜೆ ಹೊಸಿಲು ದಾಟಿದರು. ಇಲಾಖೆಯನ್ನು ಮರೆತರು, ನನ್ನನ್ನು ಮರೆತರು, ಬೇಲಿಯ ಮೇಲಿನ ಹತ್ತಾರು ಜನರನ್ನು ಮರೆತರು.

“ಮರೀ,” ಎಂದು ಕೂಗಿದರು. “ಸಾಕು ಬಾರೋ ಮರೀ. ಊಟಕ್ಕೆ ಬಾರೋ.”

ಅದು ಕೂಗೂ ಅಲ್ಲ, ಮಾತೂ ಅಲ್ಲ. ಗಂಟಲಿನಿಂದ ಒಂದು ಗೇಣು ಆಚೆಗೂ ಹೋಗಿರಲಾರದು. ಆದರೆ ನನ್ನ ಕೈಯಲ್ಲಿ ಫೋನು ಚಾಲೂ ಇತ್ತು. ದಿಬ್ಬದ ಮೇಲೆ ಕರವಸ್ತ್ರ ಏಳಲಿಲ್ಲ.

“ಸಾರ್,” ಎಂದರು ಸರ್ವೆಯವರು, “ಈ ಸಲ ಎತ್ತಲಿಲ್ಲ. ಫೋನಲ್ಲಿ ಅವರಕ್ಕನ ದನಿ ಬಂದಿದ್ದೇ ನನ್ನ ಕೈಯಿಂದ ಕಿತ್ಕೊಂಡು ಕಿವಿಗೆ ಇಟ್ಕೊಂಡ್ರು. ವಾಪಸ್ ಕೊಟ್ಟೂ ಇಲ್ಲ ಸರಿಯಾಗಿ, ಬಿಸಾಕಿ ಓಡ್ತಿದಾರೆ. ಆ ಕಡೆಗೇ ಬರ್ತಿದಾರೆ.”

ಐವತ್ತೈದು ದಾಟಿದ ಮನುಷ್ಯ ಆ ಇಳಿಜಾರನ್ನು ಓಡಿಕೊಂಡೇ ಹತ್ತಿದರು. ಬಾಗಿಲಿಗೆ ಬಂದು ನಿಂತಾಗ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು, ಕೆಮ್ಮು ಒತ್ತರಿಸಿಕೊಂಡು ಬರುತ್ತಿತ್ತು. ಅಕ್ಕ ಒಳಗಿನಿಂದ ನೀರು ತಂದು ಕೊಟ್ಟರು. ಕೊಡುವಾಗ ಮುಖ ನೋಡಲಿಲ್ಲ. ಕುಡಿದು ಮುಗಿಸಿದ ಮೇಲೆ ನೋಡಿದರು, ಬಹಳ ಹೊತ್ತು ನೋಡಿದರು.

“ಎಷ್ಟು ನರೆತಿದೀಯೋ,” ಎಂದರು.

ನನಗೆ ಸಹಿ ಬೇಕಿತ್ತು. “ಹಾಗಾದ್ರೆ ಎಲ್ಲಿವರೆಗೆ ಅಂತ ಬರ್ಕೊಳ್ಳಲಿ?” ಎಂದೆ.

“ಬಾವಿವರೆಗೆ,” ಎಂದರು ಟೀಚರಮ್ಮ. “ನನ್ನ ಗಂಟಲು ಅಷ್ಟೇ.”

“ಮರದವರೆಗೆ,” ಎಂದರು ತಮ್ಮ. “ಕೇಳಿದೋನು ನಾನು.”

“ಕೂಗಿದೋಳು ನಾನು. ಬಾವಿವರೆಗೆ ಬರೀರಿ.”

“ಮರದವರೆಗೆ ಬರೀದಿದ್ರೆ ನಾನು ಸಹಿ ಹಾಕಲ್ಲ.”

ಹದಿನೆಂಟು ವರ್ಷ ಅಕ್ಕ ಹೇಳಿದ್ದನ್ನು ಈಗ ತಮ್ಮ ಹೇಳುತ್ತಿದ್ದರು, ತಮ್ಮ ಹೇಳಿದ್ದನ್ನು ಅಕ್ಕ. ಹೊಸ ಕಡತ ತೆರೆಯಬೇಕಾಗುವುದೋ ಎಂದು ನನಗೆ ದಿಗಿಲಾಯಿತು. ಅಷ್ಟರಲ್ಲಿ ಸರ್ವೆಯವರು ಕುಂಟುತ್ತ ಬಂದು ಮರದ ಅಳತೆ ಕೊಟ್ಟರು. ತೊಂಬತ್ತೊಂದು ಮೀಟರ್ ನಲವತ್ನಾಲ್ಕು ಸೆಂಟಿಮೀಟರ್. ನನ್ನ ಮೈ ಜುಮ್ಮೆಂದಿತು. ಅಂದರೆ ಸರಿಯಾಗಿ ಐವತ್ತು ಮಾರು, ಒಂದು ಅಂಗುಲ ಹೆಚ್ಚಿಲ್ಲ, ಒಂದು ಅಂಗುಲ ಕಡಿಮೆಯಿಲ್ಲ. ಅಗಲವನ್ನು ಮಾರಿನಲ್ಲಿ ಬರೆದ ಆ ತಂದೆಗೆ ಉದ್ದವನ್ನೂ ಐವತ್ತು ಮಾರು ಎಂದು ಬರೆಯಲು ಏನಾಗಿತ್ತು? ನಮ್ಮ ಇಲಾಖೆಗೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ. ಇದನ್ನು ನಾನು ಜೋರಾಗಿಯೇ ಹೇಳಿದೆ. ಹೇಳುತ್ತಲೇ ‘ಮರದವರೆಗೆ’ ಎಂದು ಬರೆದು ಕಾಗದ ಮುಂದಿಟ್ಟೆ. ಅಕ್ಕ ತಮ್ಮ ಇಬ್ಬರೂ ಮರದ ಕಡೆ ನೋಡಿ, ಒಬ್ಬರಾದ ಮೇಲೆ ಒಬ್ಬರು ಸಹಿ ಹಾಕಿದರು.

ಇನ್ನು ಷರಾ ಎಂಬ ಕಾಲಂ ಉಳಿದಿತ್ತು. ಅದನ್ನು ಖಾಲಿ ಬಿಟ್ಟರೆ ಸಾಹೇಬರು ಒಪ್ಪುವುದಿಲ್ಲ. ಗಂಟಲು ಸರಿಮಾಡಿಕೊಂಡು ಬೀಗದವರನ್ನು ಕೇಳಿದೆ: “ಮುನ್ನೂರ ನಲವತ್ತು ಮೀಟರ್ ದೂರದಲ್ಲಿ ನಿಮಗೆ ಏನೂ ಕೇಳಿಸ್ತಿರಲಿಲ್ಲ. ಆದರೂ ಎತ್ತಿದ್ರಿ. ಯಾಕೆ? ಇಲಾಖೆಗೆ ಕಾರಣ ಬೇಕು.”

ಅವರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು.

“ಎತ್ತದೇ ಇದ್ದಿದ್ರೆ ಅಕ್ಕ ಕೂಗೋದು ನಿಲ್ಲಿಸಿಬಿಡ್ತಿದ್ದಳಲ್ಲ ಸಾರ್,” ಎಂದರು.

ಟೀಚರಮ್ಮ ಒಳಗೆ ಹೋದರು. ತಟ್ಟೆ ಇಟ್ಟ ಸದ್ದು ಕೇಳಿಸಿತು. ಆಮೇಲೆ, ಮೂರು ಮೊಳ ದೂರದಲ್ಲಿ ಬಾಗಿಲಲ್ಲೇ ನಿಂತಿದ್ದ ತಮ್ಮನನ್ನು, ಇನ್ನೊಂದು ಸಲ ಕೂಗಿ ಕರೆದರು.